ಎರಡು ತಪ್ಪು ತಿದ್ದಿದ ಮಾಸ್ತರರಿಗೆ

ಕಳೆದ ಗುರುವಾರ ನನ್ನ ಪಿಎಚ್‌.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಅಪ್ಪ ಡೊಂಬಿವಲಿಯಿಂದ ಲೋಕಲ್ ಹಿಡಿದು ಬಂದರು, ಕೊನೆಯ ಸಾಲಿನಲ್ಲಿ ಕೂತರು, ಪರೀಕ್ಷಕರು ಎರಡನೆಯ ಪ್ರಶ್ನೆ ಕೇಳುವಷ್ಟರಲ್ಲಿ ನಿದ್ದೆ ಹೋಗಿದ್ದರು. ಫೋನು ಮಾಡಿದವರಿಗೆಲ್ಲ ಒಬ್ಬೊಬ್ಬರಾಗಿ ಉತ್ತರಿಸಲು ಆಗಿಲ್ಲ, ಅದಕ್ಕೇ ಈ ಬರಹ.

ಮುಂಬೈಯ ಕನ್ನಡ ರಾತ್ರಿ ಶಾಲೆಗಳನ್ನು ಮುಖ್ಯೋಪಾಧ್ಯಾಯರು ಹೇಗೆ ನಡೆಸಿಕೊಂಡು ಬಂದರು ಎಂಬುದು ನನ್ನ ವಿಷಯ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರನ್ನು ರಾತ್ರಿ ಬೆಂಚಿನ ಮೇಲೆ ಎಚ್ಚರವಾಗಿ ಕೂರಿಸಿದವರು ಅವರು. ಇದಕ್ಕೆ ‘ಶೈಕ್ಷಣಿಕ ನಾಯಕತ್ವ’ ಎನ್ನುತ್ತಾರೆ ಎಂದಾಗ ಬಹಳ ಜನ ನಕ್ಕಿದ್ದರು.

2020ರಲ್ಲಿ ಪಿಎಚ್‌.ಡಿ.ಗೆ ಸೇರಿದಾಗ ನನಗೆ 34. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಸಂಶೋಧಕರಿಗೆ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್‌ಗೆ ವಯೋಮಿತಿ 30. ಹೆಂಗಸರಿಗೆ ಐದು ವರ್ಷದ ಸಡಿಲಿಕೆ ಇದ್ದುದರಿಂದ ಬಾಗಿಲು ಮುಚ್ಚುವ ಹೊತ್ತಿಗೆ ನುಸುಳಿಕೊಂಡೆ. ತಿಂಗಳಿಗೆ 31,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಅದನ್ನು ಪಡೆಯುವವರು ಸಂಬಳದ ಕೆಲಸದಲ್ಲಿ ಇರುವಂತಿಲ್ಲ, ಹಾಗಾಗಿ ಶಾಲೆಯ ನೌಕರಿ ಬಿಟ್ಟೆ. ಆ ಹಣ ಬರಲು ಪ್ರತಿ ತಿಂಗಳೂ ಸಂಸ್ಥೆಯ ಕಚೇರಿಯಲ್ಲಿ ‘ಮೇಕರ್’ ಎಂಬ ಒಬ್ಬರು ಪೋರ್ಟಲ್‌ನಲ್ಲಿ ನಮ್ಮ ಹೆಸರು ಏರಿಸಬೇಕು, ‘ಚೆಕರ್’ ಎಂಬ ಇನ್ನೊಬ್ಬರು ಒಪ್ಪಬೇಕು. 2022ರಲ್ಲಿ ಅವರಲ್ಲೊಬ್ಬರಿಗೆ ವರ್ಗವಾಯಿತು. ಐದು ತಿಂಗಳು ದುಡ್ಡಿಲ್ಲ. ಯಾವ ಕಚೇರಿ ಎಂದು ಬರೆಯುವುದಿಲ್ಲ, ಗೊತ್ತಿರುವವರಿಗೆ ಗೊತ್ತು.

ಅದೇ ಹೊತ್ತಿಗೆ ಅಪ್ಪ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಕಥೆಯೂ ನಿಮಗೆಲ್ಲ ಗೊತ್ತಿರುವುದೇ. ಜುಲೈ ತಿಂಗಳ ಆ ರಾತ್ರಿಯದನ್ನು ಮಾತ್ರ ಹೇಳಬೇಕು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾನು ಯೋಚಿಸಿದ್ದು ಅಪ್ಪನ ಜೀವದ ಬಗ್ಗೆ ಅಲ್ಲ. ಇವರು ದುಡ್ಡಿಲ್ಲದ ಈ ತಿಂಗಳೇ ಕಾಯಿಲೆ ಬೀಳಬೇಕಿತ್ತೇ ಎಂದು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಮಾಸ್ತರರು ಬಂದಾಗ ರಾತ್ರಿ ಹತ್ತು ದಾಟಿತ್ತು. ರಾತ್ರಿ ಶಾಲೆಯೊಂದರ ನಿವೃತ್ತ ಮುಖ್ಯೋಪಾಧ್ಯಾಯರು, ನನ್ನ ಸಂದರ್ಶನದ ಪಟ್ಟಿಯಲ್ಲಿ ಏಳನೆಯವರು. ಅಷ್ಟೇ ಪರಿಚಯ. ಮಳೆಗೆ ಪಂಚೆಯ ಅಂಚು ಒದ್ದೆಯಾಗಿತ್ತು. ಫ್ಲಾಸ್ಕಿನಲ್ಲಿ ಗಂಜಿ, ಸಣ್ಣ ಸ್ಟೀಲು ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿ. ‘ಕೊನೆಯ ಗಾಡಿ ತಪ್ಪುತ್ತದೆ, ಹೊರಡಿ’ ಎಂದೆ. ‘ತಪ್ಪಲಿ ಮಗಳೇ’ ಎಂದು ಚಪ್ಪಲಿ ಕಳಚಿ ಬೆಂಚಿನ ಮೇಲೆ ಕಾಲು ಮಡಚಿ ಕೂತರು.

ಸಂಶೋಧನೆ ಕೈಬಿಡುವ ಅರ್ಜಿ ಆಗಲೇ ನನ್ನ ಚೀಲದಲ್ಲಿತ್ತು. ಮೂರು ಗಂಟೆಯ ಹೊತ್ತಿಗೆ ತೋರಿಸಿದೆ. ಜೇಬಿನಿಂದ ಕೆಂಪು ಪೆನ್ನು ತೆಗೆದರು! ದಿನಾಂಕ ತಪ್ಪಾಗಿತ್ತು, ಅದಕ್ಕೊಂದು ಸುತ್ತು. ‘ವೈಯಕ್ತಿಕ ಕಾರಣಗಳಿಂದ’ ಎಂಬುದಕ್ಕೆ ಇನ್ನೊಂದು. ‘ಇದು ವೈಯಕ್ತಿಕ ಹೇಗಾಗುತ್ತದೆ? ಬರಬೇಕಾದ ಹಣ ಬಂದಿಲ್ಲ. ಯಾವ ಯಾವ ತಿಂಗಳದು, ಎಷ್ಟು, ಅದನ್ನು ಬರೆ.’

ಹಾಳೆ ತಿರುಗಿಸಿ ಅದರ ಬೆನ್ನಿಗೇ ಬರೆದೆ. ಐದು ತಿಂಗಳ ಹೆಸರು, 1,55,000 ರೂಪಾಯಿ. ಬರೆದು ಮುಗಿಯುವಾಗ ಅದು ಬಿಡುವ ಅರ್ಜಿಯಾಗಿ ಉಳಿದಿರಲಿಲ್ಲ, ಬಾಕಿ ಕೇಳುವ ಪತ್ರವಾಗಿತ್ತು. ಬೆಳಗಿನ ಮೊದಲ ಗಾಡಿಗೆ ಹೊರಡುವ ಮುನ್ನ ಮಾಸ್ತರರು ಒಂದು ಲಕೋಟೆಯನ್ನು ಫ್ಲಾಸ್ಕಿನ ಕೆಳಗೆ ಇಟ್ಟು ಹೋಗಿದ್ದರು. ಬಾಕಿ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಹಣ ಮರಳಿಸಲು ಅವರ ಮನೆಗೆ ಹೋದಾಗ, ಊಟದ ಮೇಜಿನ ಮೇಲೆ ಎರಡು ಸಲ ಎಣಿಸಿ, ಹೆಚ್ಚಾಗಿದ್ದ ಐನೂರರ ಒಂದು ನೋಟು ಹಿಂದಕ್ಕೆ ಕೊಟ್ಟರು. ಅದನ್ನು ನಾನು ಬೇಕೆಂದೇ ಸೇರಿಸಿದ್ದೆ.

ಮಾರ್ಗದರ್ಶಕರಿಗೆ, ಮರಾಠಿ ದಾಖಲೆ ಓದಿಕೊಟ್ಟ ಗೆಳತಿಗೆ, ಅಡುಗೆಮನೆಗೆ ನನ್ನನ್ನು ಕರೆಯದ ಅತ್ತೆಯವರಿಗೆ, ಗ್ರಂಥಾಲಯದ ಸಿಬ್ಬಂದಿಗೆ, ಬಾಗಿಲು ತೆರೆದ ಶಾಲೆಗಳಿಗೆ ನಾನು ಋಣಿ.

ಒಂದು ಮಾತು ಒಳಗೇ ಕೊರೆಯುತ್ತದೆ. ಶಾಲೆ ನಡೆಸುವುದು ಏನೆಂದು ತಿಳಿಯುವುದು ನಲವತ್ತೈದರ ಮೇಲೆ. ಆ ವಯಸ್ಸಿನವರು ಅದರ ಬಗ್ಗೆ ಸಂಶೋಧನೆ ಮಾಡಲು ಹೊರಟರೆ ಜೆಆರ್‌ಎಫ್ ಬಾಗಿಲು ಮುಚ್ಚಿರುತ್ತದೆ. ನಾನು ಬರೆದದ್ದರಲ್ಲಿ ಅರ್ಧ ಅಂಥವರು ಬಾಯಿಬಿಟ್ಟು ಹೇಳಿದ್ದು.

ಈ ವರ್ಷ ಜೆಆರ್‌ಎಫ್ ಸಿಕ್ಕವರಿಗೆ: ಈಗ ಮೊತ್ತ 37,000, ಮೊದಲ ಎರಡು ವರ್ಷ. ಸೇರಿದ ದಿನವೇ ಮೇಕರ್ ಯಾರು, ಚೆಕರ್ ಯಾರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಪತ್ರ ಬರೆಯಬೇಕಾಗಿ ಬಂದರೆ ನನ್ನ ಬಳಿ ಒಂದು ಮಾದರಿ ಇದೆ, ಕೆಂಪು ಗುರುತಿನ ಸಮೇತ.