ಕಾಕಾ, ಶುಕ್ರವಾರದ ಇಂಜೆಕ್ಷನ್ ಬಗ್ಗೆ

ಲಂಡನ್

ಪೂಜ್ಯ ಕಾಕಾ ಅವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಲಿವರಿನ ಹೆಪಟೈಟಿಸ್ ಬಿ ರೋಗಕ್ಕ ಕೊಡೂ ಇಂಜೆಕ್ಷನ್ ಆದ ರಾತ್ರಿ ನಿಮಗ ಚಳಿ, ಜ್ವರ, ಮೈಕೈ ನೋವು ಬಂತು, ಔಷಧ ಕೆಟ್ಟಿತ್ತೇನೋ ಅಂತ ಕಾಕು ಫೋನಿನ್ಯಾಗ ಅಂಜಿದ್ರು. ಹಂಗ ಆಗೂದು ಈ ಔಷಧದ ಗುಣಾನ ಐತ್ರಿ. ಫ್ಲೂ ಬಂದಾಗ ಮೈ ಮುರದಂಗ ಆಗ್ತೈತಲ್ಲ, ಅದರಾಗ ದೊಡ್ಡ ಪಾಲು ವೈರಸ್‌ದಲ್ಲ, ನಮ್ಮ ಮೈ ತಾನ ಮಾಡೂ ಇಂಟರ್ಫೆರಾನ್‌ನಂಥ ಪ್ರೋಟೀನ್‌ಗಳದು. ನಿಮ್ಮ ಸಿರಿಂಜಿನ್ಯಾಗ ಇರೂದೂ ಅದ.

ವೈರಸ್ ಹೊಕ್ಕ ಜೀವಕೋಶದಾಗ ಕಾವಲು ಪ್ರೋಟೀನ್‌ಗಳು ಅದರ ಗುರುತು ಹಿಡದ ಕೂಡ್ಲೆ ಆ ಕೋಶ ಇಂಟರ್ಫೆರಾನ್ ಮಾಡಿ ಹೊರಗ ಬಿಡ್ತೈತಿ. ತಾ ಉಳಿಯೂದು ಕಷ್ಟ, ಆದ್ರ ಓಣಿಗೆಲ್ಲಾ ಡಂಗುರ ಹೊಡದು ಹೋಗ್ತೈತಿ. ಅದು ಬಾಜೂ ಕೋಶಕ್ಕ ಮುಟ್ಟಿತಂದ್ರ ಅಲ್ಲಿ ನೂರಾರು ಜೀನ್ ಎಚ್ಚರಾಗ್ತಾವು. ಪಿಕೆಆರ್ ಅನ್ನೂ ಪ್ರೋಟೀನ್ ಕೋಶದ ಪ್ರೋಟೀನ್ ತಯಾರಿಕೆನ ನಿಲ್ಲಸ್ತೈತಿ, ಆರ್‌ಎನ್‌ಏಸ್ ಎಲ್ ಅನ್ನೂದು ಪ್ರೋಟೀನ್ ಮಾಡೂ ಸಂದೇಶ ಒಯ್ಯೂ ಆರ್‌ಎನ್‌ಎ ಕತ್ತರಸ್ತೈತಿ. ಕಳ್ಳಗ ಊಟ ಸಿಗಬಾರ್ದಂತ ಮನಿಯವರ ಒಲಿ ಆರಿಸಿದಂಗ. ಆದ್ರ ಇವು ಸುಮ್ಮಸುಮ್ನ ಕೈ ಮಾಡೂದಿಲ್ಲ. ವೈರಸ್ ಬಿಟ್ಟುಹೋಗೂ ಎರಡೆಳಿ ಆರ್‌ಎನ್‌ಎ ಕಂಡ ಮ್ಯಾಲ ಕೆಲಸ ಚಾಲೂ.

ಈ ಇಂಟರ್ಫೆರಾನ್ ಅನ್ನೂದನ್ನ 1957ರಾಗ ಇಲ್ಲೇ ಲಂಡನ್ನಿನ ಮಿಲ್ ಹಿಲ್‌ನಾಗ ಐಸಾಕ್ಸ್ ಮತ್ತ ಲಿಂಡೆನ್ಮನ್ ಕಂಡ ಹಿಡದ್ರು, ಕೋಳಿ ತತ್ತಿಯ ಪೊರಿ ಮ್ಯಾಲ, ಕಾಯಿಸಿ ಕೊಂದ ಫ್ಲೂ ವೈರಸ್ ಹಾಕಿ. ಹೆಸರಿನ ಅರ್ಥ ಇಷ್ಟ: ಅಡ್ಡ ಬರೂದು.

ಹೆಪಟೈಟಿಸ್ ಬಿ ಮಾತ್ರ ಭಾಳ ಶಾಣ್ಯಾ ವೈರಸ್. ಲಿವರಿನ್ಯಾಗ ಸದ್ದಿಲ್ದ ಕುಂದರ್ತೈತಿ, ಡಂಗುರ ಹೊಡಿಯೂ ಪ್ರಸಂಗಾನ ತರೂದಿಲ್ಲ. ಅದಕ್ಕ ಹೊರಗಿಂದ ಹಾಕೂದು: 180 ಮೈಕ್ರೋಗ್ರಾಂ, ವಾರಕ್ಕ ಒಂದ ಸಲ, 48 ವಾರ. ಬರೇ ಇಂಟರ್ಫೆರಾನ್ ಕೆಲವು ತಾಸಿನ್ಯಾಗ ಖಾಲಿ ಆಗ್ತೈತಿ. ಪೆಗ್ ಅನ್ನೂ ರಾಸಾಯನಿಕದ ಉದ್ದನ ಬಾಲ ಕಟ್ಟಿದ್ದಕ್ಕ ಇದು ವಾರ ತಡಿತೈತಿ.

ಸಿರಿಂಜ್ ಫ್ರಿಜ್ಜಿನ ನಡುವಿನ ಅರಿಯೊಳಗ ಇಡ್ರಿ, 2ರಿಂದ 8 ಡಿಗ್ರಿ. ಗದಗಿನ ಬಿಸಲಿಗೆ ಅಂಜಿ ಬರ್ಫದ ಖಾನೆಯೊಳಗ ಇಡಬ್ಯಾಡ್ರಿ. ಹೆಪ್ಪುಗಟ್ಟಿದ್ರ ಪ್ರೋಟೀನ್ ಒಂದಕ್ಕೊಂದು ಅಂಟಿ ಗಡ್ಡಿ ಆಗ್ತೈತಿ, ಕರಗಿದ ಮ್ಯಾಲೂ ಕೆಲಸಕ್ಕ ಬರೂದಿಲ್ಲ. ಜೋರಾಗಿ ಅಲ್ಲಾಡಿಸಿದ್ರೂ ಅದ ಹಣೆಬರಹ. ಹುಬ್ಬಳ್ಳಿಯಿಂದ ತರೂಮುಂದ ಥರ್ಮಸ್ ಡಬ್ಬಿಯೊಳಗ ಬರ್ಫ್ ಹಾಕ್ರಿ, ಆದ್ರ ಸಿರಿಂಜಿಗೆ ಅರಿವಿ ಸುತ್ತಿ, ಬರ್ಫ್ ನೇರ ಹತ್ತಬಾರ್ದು. ಚುಚ್ಚೂ ಮುಂಚೆ ಅಂಗೈಯಾಗ ಒಂದ ನಿಮಿಷ ಹಿಡೀರಿ. ತಿಳಿ ಇರಬೇಕು, ಮಬ್ಬಾಗಿದ್ರ, ಕಣ ಕಂಡ್ರ ಬಳಸಬ್ಯಾಡ್ರಿ. ಹೊಟ್ಟಿ ಇಲ್ಲಾ ತೊಡಿ, ಚರ್ಮದ ಕೆಳಗ, ವಾರಾ ವಾರಾ ಜಾಗಾ ಬದಲಿಸಿ. ರಾತ್ರಿ ಮಲಗೂಮುಂದ ತಗೊಂಡ್ರ ಜ್ವರದ ಅರ್ಧ ನಿದ್ದಿಯೊಳಗ ಕಳೀತೈತಿ. ಪ್ಯಾರಾಸಿಟಮಾಲ್ ಡಾಕ್ಟರು ಹೇಳಿದಷ್ಟ, ಲಿವರಿನ ಮಾತು.

ರಕ್ತದ ತಪಾಸಣಿ ಒಂದೂ ತಪ್ಪಿಸಬ್ಯಾಡ್ರಿ. ಇಂಟರ್ಫೆರಾನ್ ಅಸ್ಥಿಮಜ್ಜೆಯ ಕೆಲಸಾನೂ ಸಾವಕಾಶ ಮಾಡ್ತೈತಿ. ನ್ಯೂಟ್ರೋಫಿಲ್, ಅಂದ್ರ ಸೋಂಕಿನ ಜೋಡಿ ಹೋರಾಡೂ ಬಿಳಿ ರಕ್ತಕಣ, 750ಕ್ಕಿಂತ ಇಳದ್ರ ಡೋಸ್ 135 ಮೈಕ್ರೋಗ್ರಾಂಗೆ ಇಳಸ್ತಾರ, 500ಕ್ಕಿಂತ ಇಳದ್ರ ಸದ್ಯಕ್ಕ ನಿಲ್ಲಸ್ತಾರ. ಅದಕ್ಕ ಜ್ವರ ಎರಡು ದಿನದ ಮ್ಯಾಲೂ ಇದ್ರ ಇಂಜೆಕ್ಷನ್‌ದು ಅಂತ ಕುಂದರಬ್ಯಾಡ್ರಿ, ಫೋನ್ ಹಚ್ರಿ. ನಡುವ ಲಿವರ್ ಕೋಶ ಒಡದ್ರ ರಕ್ತದಾಗ ಸೇರೂ ಎಎಲ್‌ಟಿ ಏರಿದ್ದು ಕಂಡ್ರ ಗಾಬರಿ ಆಗಬ್ಯಾಡ್ರಿ, ಬಿಳಿ ರಕ್ತಕಣ ವೈರಸ್ ಇರೂ ಕೋಶಗಳ ಮ್ಯಾಲ ಬಿದ್ದಾಗೂ ಏರ್ತೈತಿ. ಅದು ಒಳ್ಳೇದೋ ಕೆಟ್ಟದ್ದೋ ಅನ್ನೂದು ಡಾಕ್ಟರು ಬಿಲಿರುಬಿನ್, ಅಂದ್ರ ಕಾಮಾಲಿಯೊಳಗ ಏರೂ ಹಳದಿ ಬಣ್ಣದ ಅಂಶ, ನೋಡಿ ಹೇಳಬೇಕು.

ಕಾಕು, ಈ ಸಾಲು ನಿಮಗ: ಕಾಕಾ ಸುಮ್ನ ಕುಂದರೂದು, ಸಿಟ್ಟು, ನಿದ್ದಿ ಬರದಂಗ ಆಗೂದು ಕಂಡ್ರ ಅದೂ ಔಷಧದ್ದ. ಸ್ವಭಾವ ಅಂತ ಬಿಡದ ಅವತ್ತ ಡಾಕ್ಟರಿಗೆ ತಿಳಿಸ್ರಿ.

ಹೋದ ವಾರದ ರಿಪೋರ್ಟಿನ ಫೋಟೋ ಕಳಸ್ರಿ, ಎರಡೂ ಪಾನು.

ನಿಮ್ಮ ಮಗಳು