ಆಳಕ್ಕಿಳಿಯಲು ಕಾರ್ಡ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಬರುವವರು ಈಗ ನಮ್ಮ ಬಡಾವಣೆಗಳಲ್ಲಿ ಸಾಕಷ್ಟಿದ್ದಾರೆ. ಕೆಲವೇ ಡೈವ್‌ಗಳಾಗುತ್ತಲೇ ಅವರಲ್ಲಿ ಹಲವರು ಕೇಳುವ ಪ್ರಶ್ನೆ, 30 ಮೀಟರ್‌ಗೆ ಯಾವಾಗ ಇಳಿಯಬಹುದು ಎಂಬುದು. ಓಪನ್ ವಾಟರ್ ಎಂಬ ಮೊದಲ ಕೋರ್ಸ್ ಕಲಿತವರಿಗೆ 18 ಮೀಟರ್, ಅದರ ಮುಂದಿನ ಅಡ್ವಾನ್ಸ್ಡ್ ಕೋರ್ಸ್ ಕಲಿತವರಿಗೆ 30 ಮೀಟರ್ ಎಂಬ ಮಿತಿಯೇನೋ ಇದೆ. ಆದರೆ ಡೈವಿಂಗ್ ತರಬೇತಿಯ ಪಾಡಿ (PADI) ಸಂಸ್ಥೆಯ ಅಡ್ವಾನ್ಸ್ಡ್ ಕೋರ್ಸಿನಲ್ಲಿರುವುದು ಐದೇ ಡೈವ್.

ಹೋದ ವರ್ಷ ನನ್ನ ಜೊತೆ ಇಳಿದ ಹುಡುಗನ ಬಳಿ ಆ ಕೋರ್ಸ್ ಮುಗಿಸಿದವರಿಗೆ ಸಿಗುವ ಅರ್ಹತೆಯ ಕಾರ್ಡ್ ಇತ್ತು. 14 ಮೀಟರ್ ಆಳದಲ್ಲಿ ಅವನು ಸಮತೋಲನಕ್ಕಾಗಿ ಎರಡೂ ಕೈಗಳನ್ನು ಬಡಿಯುತ್ತಲೇ ಇದ್ದ. ಇಪ್ಪತ್ತು ನಿಮಿಷದ ನಂತರ ನಾನು ಸನ್ನೆ ಮಾಡಿ ಗಾಳಿ ಎಷ್ಟಿದೆ ಎಂದು ಕೇಳಿದಾಗಲೇ ಅವನು ಗಾಳಿಯ ಒತ್ತಡ ತೋರಿಸುವ ಗೇಜ್ ನೋಡಿದ್ದು. ಸಿಲಿಂಡರಿನಲ್ಲಿದ್ದ 200 ಬಾರ್ (ಒತ್ತಡದ ಅಳತೆ) ಗಾಳಿಯಲ್ಲಿ 70 ಮಾತ್ರ ಉಳಿದಿತ್ತು. ಮುಖವಾಡದ ಗಾಜಿನ ಹಿಂದೆ ಅವನ ಕಣ್ಣು ಅಗಲವಾದದ್ದು ನನಗೆ ಇನ್ನೂ ನೆನಪಿದೆ.

30 ಮೀಟರ್‌ನಲ್ಲಿ ಒತ್ತಡ ಮೇಲ್ಮೈಗಿಂತ ನಾಲ್ಕು ಪಟ್ಟು ಇರುವುದರಿಂದ, ಅದೇ ಉಸಿರಾಟಕ್ಕೆ ಅವನು ಬಳಸಿದ್ದ ಆ 130 ಬಾರ್ ಗಾಳಿ ಸುಮಾರು ಹನ್ನೆರಡು ನಿಮಿಷದಲ್ಲೇ ಮುಗಿಯುತ್ತಿತ್ತು. ನಿಮಿಷಕ್ಕೆ 9 ಮೀಟರ್‌ನಂತೆ ನಿಧಾನವಾಗಿ ಏರಿ, 5 ಮೀಟರ್‌ನಲ್ಲಿ ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲಲು ಬೇಕಾದ ಗಾಳಿ ಬೇರೆ. ಜೊತೆಗೆ, ಆ ಆಳದಲ್ಲಿ ಉಸಿರಾಡುವ ಗಾಳಿಯ ನೈಟ್ರೋಜನ್ ಅಮಲಿನಂತೆ ಬುದ್ಧಿಯನ್ನು ಮಂಕಾಗಿಸಬಹುದು, ಮತ್ತು ಮಂಕಾದದ್ದು ಹಲವು ಸಲ ಮಂಕಾದವರಿಗೇ ತಿಳಿಯುವುದಿಲ್ಲ. ಹಾಗಾಗಿ 12 ಮೀಟರ್‌ನಲ್ಲಿ ಯೋಚಿಸಿ ಮಾಡಬೇಕಾದ ಕೆಲಸ ಅಲ್ಲಿ ಮರೆತೇ ಹೋಗಬಹುದು. ಕೈಗೆ ರೂಢಿಯಾದದ್ದಷ್ಟೇ ಉಳಿಯುತ್ತದೆ.

ಅರ್ಹತೆಯನ್ನು ನೋಡಬೇಕಾದದ್ದು ಈ ರೂಢಿಯಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹಗ್ಗ ಹಿಡಿಯದೆ 5 ಮೀಟರ್‌ನಲ್ಲಿ ಮೂರು ನಿಮಿಷ ಕದಲದೆ ನಿಲ್ಲಬಲ್ಲರೇ, ಆ ಹೊತ್ತಿನಲ್ಲೇ ಮುಖವಾಡಕ್ಕೆ ನುಗ್ಗಿದ ನೀರನ್ನು ಮೇಲೇರದೆ ಹೊರಹಾಕಬಲ್ಲರೇ, ಗೇಜ್ ನೋಡುವ ಮೊದಲೇ ತಮ್ಮ ಗಾಳಿಯನ್ನು ಹೆಚ್ಚುಕಡಿಮೆ ಸರಿಯಾಗಿ ಹೇಳಬಲ್ಲರೇ, ಜೊತೆಗಾರರ ಗಾಳಿಯನ್ನೂ ತಾವಾಗಿ ವಿಚಾರಿಸುತ್ತಾರೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮನಸ್ಸು ಒಪ್ಪದ ದಿನ ಸಂಕೋಚವಿಲ್ಲದೆ ‘ಇವತ್ತು ಬೇಡ’ ಎನ್ನಬಲ್ಲರೇ? ಡೈವ್‌ಗಳ ಲೆಕ್ಕ ಇದ್ಯಾವುದನ್ನೂ ಹೇಳುವುದಿಲ್ಲ.

ಇಲ್ಲಿಂದ ತಂಡ ಕರೆದೊಯ್ಯುವ ತರಬೇತುದಾರರು, ಆಳದ ಡೈವ್‌ಗೆ ಮುನ್ನ ಅದೇ ಕಡಲಿನಲ್ಲಿ 12 ಮೀಟರ್‌ನ ಒಂದು ಪರೀಕ್ಷಾ ಡೈವ್ ಕಡ್ಡಾಯ ಮಾಡಬೇಕೆಂದು ವಿನಂತಿಸುತ್ತೇನೆ. ಆ ಹುಡುಗ ಅನಂತರ ಎಂಟು ಬಾರಿ 15 ಮೀಟರ್ ದಾಟದೆ ಇಳಿದಿದ್ದಾನೆ. ಕೊನೆಯ ಸಲ, ನಾನು ಕೇಳುವ ಮೊದಲೇ ತನ್ನ ಗಾಳಿಯನ್ನು ಬೆರಳಲ್ಲಿ ತೋರಿಸಿ, ನನ್ನದೆಷ್ಟು ಎಂದು ಕೇಳಿದ.

– ಹವ್ಯಾಸಿ ಡೈವರ್, ಜಯನಗರ, ಬೆಂಗಳೂರು