ಎಂ.ಎಸ್ಸಿ ನರ್ಸಿಂಗ್ ಓದಿದವರು ವಾರ್ಡಿಗೆ ಬೇಡವೇ? ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ನರ್ಸಿಂಗ್ ಎಂದೊಡನೆ ತಮ್ಮ ಮೇಜಿಗೆ ಬರುವ ಕಡತಗಳು ಬಹುಮಟ್ಟಿಗೆ ಬಿ.ಎಸ್ಸಿ ಸೀಟು, ಶುಲ್ಕ, ಹೊಸ ಕಾಲೇಜಿನ ಅನುಮತಿ ಇವುಗಳದ್ದೇ ಇರಬೇಕು. ನಾನು ಬರೆಯುತ್ತಿರುವುದು ಅದರ ಮುಂದಿನ ಓದಾದ ಎಂ.ಎಸ್ಸಿ ನರ್ಸಿಂಗ್ ಬಗ್ಗೆ. ಕೆಲವು ವರ್ಷ ವಾರ್ಡಿನಲ್ಲಿ ದುಡಿದು, ಆಮೇಲೆ ಆ ಪದವಿ ಪಡೆದು, ಈಗ ಅದೇ ಕೋರ್ಸಿನ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿರುವವಳು ನಾನು. ಹಾಗಾಗಿ ಈ ಪತ್ರದಲ್ಲಿ ದೂರೂ ಇದೆ, ನನ್ನ ವೃತ್ತಿಯ ಮೇಲಿನ ಅಭಿಮಾನವೂ ಇದೆ.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ಭಾರತೀಯ ಶುಶ್ರೂಷಾ ಪರಿಷತ್ತಿನ ಪ್ರಕಾರ ಎಂ.ಎಸ್ಸಿಗೆ ಸೇರುವವರು ನರ್ಸ್ ಮತ್ತು ಮಿಡ್‌ವೈಫ್ ಆಗಿ ರಾಜ್ಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿರಬೇಕು. ಬಿ.ಎಸ್ಸಿ ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿಯಲ್ಲಿ (ಡಿಪ್ಲೊಮಾ ನರ್ಸ್‌ಗಳು ಆಮೇಲೆ ಮಾಡುವ ಪದವಿ) ಶೇ 55 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 5ರ ರಿಯಾಯಿತಿ ಇದೆ. ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ಅನುಭವ ಇರಬೇಕು. ಓದು ಎರಡು ವರ್ಷದ್ದು. ಥಿಯರಿಗೆ ಶೇ 80 ಹಾಜರಿ ಸಾಕು. ಪ್ರಾಯೋಗಿಕಕ್ಕೆ ಆ ವಿನಾಯಿತಿ ಇಲ್ಲ, ಪದವಿ ಕೈಗೆ ಬರುವ ಮೊದಲು ಶೇ 100 ತುಂಬಲೇಬೇಕು. ಆರಿಸಿಕೊಂಡ ಸ್ಪೆಷಾಲಿಟಿಯ ಕ್ಲಿನಿಕಲ್ ಕೆಲಸಕ್ಕೆಂದೇ, ಅಂದರೆ ರೋಗಿಗಳ ಬಳಿ ಮಾಡುವ ಕೆಲಸಕ್ಕೆಂದೇ, ಮೊದಲ ವರ್ಷ 650 ಗಂಟೆ, ಎರಡನೇ ವರ್ಷ 950 ಗಂಟೆ ಮೀಸಲು.

ಒಟ್ಟು 1,600 ಗಂಟೆ. ಇಷ್ಟು ಹೊತ್ತು ಒಬ್ಬ ನರ್ಸನ್ನು ಹೃದ್ರೋಗದ ವಾರ್ಡಿನಲ್ಲೋ ನವಜಾತ ಶಿಶುಗಳ ಘಟಕದಲ್ಲೋ ನಿಲ್ಲಿಸಿ ಕಲಿಸಬೇಕೆಂದು ಬರೆದವರು, ಕಲಿತು ಬಂದವಳು ರೋಗಿಯ ಬಳಿಯೇ ಇರಲಿ ಎಂದು ಬಯಸಿರಬೇಕಲ್ಲವೇ? ದೆಹಲಿಯ ರಾಜಕುಮಾರಿ ಅಮೃತ್ ಕೌರ್ ನರ್ಸಿಂಗ್ ಕಾಲೇಜಿನಲ್ಲಿ ದೇಶದ ಮೊದಲ ನರ್ಸಿಂಗ್ ಸ್ನಾತಕೋತ್ತರ ಕೋರ್ಸ್ ಶುರುವಾದದ್ದು 1959ರಲ್ಲಿ. ಆಗ ಪಾಠ ಹೇಳುವವರೇ ಇರಲಿಲ್ಲ, ಎಂ.ಎಸ್ಸಿ ಮಾಡಿದವರೆಲ್ಲ ಅಧ್ಯಾಪಕರಾದದ್ದು ಆ ಕಾಲಕ್ಕೆ ಸರಿಯೇ. ಆದರೆ ಕಾಲ ಬದಲಾದ ಮೇಲೂ ನಾವು ಅದೇ ಜಾಡಿನಲ್ಲಿದ್ದೇವೆ.

ಇವತ್ತು ಎಂ.ಎಸ್ಸಿ ಮುಗಿಸಿದವಳ ಮುಂದೆ ನಿಜವಾಗಿ ತೆರೆದಿರುವ ಬಾಗಿಲು ಕಾಲೇಜಿನದ್ದು ಮಾತ್ರ. ಅಲ್ಲಿ ಅವಳು ಟ್ಯೂಟರ್. ಮೂರು ವರ್ಷದ ಬೋಧನಾನುಭವವಾದರೆ ಸಹಾಯಕ ಪ್ರಾಧ್ಯಾಪಕಿ, ಮುಂದೆ ಒಂದೊಂದೇ ಹೆಜ್ಜೆ. ಬಡ್ತಿಗೆ ಲೆಕ್ಕಕ್ಕೆ ಬರುವುದು ಪಾಠ ಮಾಡಿದ ವರ್ಷಗಳು. ಐಸಿಯುನಲ್ಲಿ ಕಳೆದ ವರ್ಷಗಳು ಬಯೋಡೇಟಾದ ಕೊನೆಯಲ್ಲಿ ಒಂದು ಸಾಲಾಗಿ ಉಳಿಯುತ್ತವೆ. ಕ್ರಿಟಿಕಲ್ ಕೇರ್ ಓದಿದವಳು ಪ್ರಥಮ ವರ್ಷದವರಿಗೆ ಹಾಸಿಗೆ ಹಾಸುವುದನ್ನು ತೋರಿಸುತ್ತಿರುತ್ತಾಳೆ. ಅದು ಸಣ್ಣ ಕೆಲಸ ಎನ್ನುತ್ತಿಲ್ಲ, ಆದರೆ ಅದಕ್ಕೆ 1,600 ಗಂಟೆ ಬೇಕಿರಲಿಲ್ಲ.

ಆಸ್ಪತ್ರೆಯ ಬಾಗಿಲನ್ನೇ ತಟ್ಟುತ್ತೇನೆ ಎಂದು ಹೋದರೆ ಏನಾಗುತ್ತದೆ? ಡಿಪ್ಲೊಮಾ, ಪದವಿ, ಸ್ನಾತಕೋತ್ತರ ಪದವಿ ಎಲ್ಲರ ಹೆಸರೂ ಒಂದೇ ಡ್ಯೂಟಿ ಪಟ್ಟಿಯಲ್ಲಿ. ಶುಶ್ರೂಷಾಧಿಕಾರಿ ಎಂದರೆ ಶುಶ್ರೂಷಾಧಿಕಾರಿ, ಅಷ್ಟೇ. ಸರ್ಕಾರಿ ಸೇವೆಯಲ್ಲಿದ್ದು, ನಿಯೋಜನೆಯ ಮೇಲೆ ಹೋಗಿ ಮನೋವೈದ್ಯಕೀಯ ನರ್ಸಿಂಗ್ ಓದಿ ಬಂದ ನನ್ನ ಪರಿಚಿತರೊಬ್ಬರನ್ನು ಕಿವಿ, ಮೂಗು, ಗಂಟಲು ವಿಭಾಗದ ಹೊರರೋಗಿ ಕೊಠಡಿಗೆ ಹಾಕಿದರು. ಎರಡು ವರ್ಷ ಸಂಬಳ ಕೊಟ್ಟು ಓದಿಸಿದ್ದು ಸರ್ಕಾರವೇ, ಆ ಓದನ್ನು ಮೂಲೆಗೆ ತಳ್ಳಿದ್ದೂ ಸರ್ಕಾರವೇ. ವಿಚಿತ್ರವೆಂದರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯಕೀಯ ನರ್ಸ್‌ಗೆ ಜಾಗವಿದೆ. ಆ ಕಾರ್ಯಕ್ರಮ ಇಡೀ ದೇಶಕ್ಕೆ ಬಂದದ್ದೇ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ ಮಾದರಿಯಿಂದ. ಮಾದರಿ ಕೊಟ್ಟ ರಾಜ್ಯದಲ್ಲಿ ಆ ವಿಷಯ ಓದಿದವರನ್ನು ಹುಡುಕಿ ಆ ಜಾಗದಲ್ಲಿ ಕೂರಿಸುವ ಪದ್ಧತಿ ಇರಬೇಡವೇ? ಜಿಲ್ಲಾಸ್ಪತ್ರೆಗಳ ನವಜಾತ ಶಿಶು ಆರೈಕೆ ಘಟಕಗಳಿಗೆ ಮಕ್ಕಳ ನರ್ಸಿಂಗ್ ಓದಿದವರನ್ನು, ಹೆರಿಗೆ ಕೋಣೆಗಳಿಗೆ ಪ್ರಸೂತಿ ನರ್ಸಿಂಗ್ ಓದಿದವರನ್ನು ಹಾಕಲು ದೊಡ್ಡ ಹಣವೇನೂ ಬೇಡ.

ಇನ್ನು ಪ್ರವೇಶಕ್ಕೆ ಬೇಕಾದ ಆ ಒಂದು ವರ್ಷದ ಅನುಭವದ ಮಾತು. ನಿಯಮ ಒಳ್ಳೆಯದು, ಅದನ್ನು ಯಾರೂ ಸಡಿಲಿಸಬಾರದು. ಕಷ್ಟವಿರುವುದು ಪ್ರಮಾಣಪತ್ರದಲ್ಲಿ. ಒಂದು ಲೆಟರ್‌ಹೆಡ್, ಒಂದು ಸೀಲು, ಒಂದು ಸಹಿ ಇದ್ದರೆ ಅನುಭವ ಸಿದ್ಧ. ಒಂದು ದಿನವೂ ಡ್ಯೂಟಿ ಮಾಡದೆ ಪತ್ರ ಹಿಡಿದು ಬಂದವರನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಮೊದಲ ಕ್ಲಿನಿಕಲ್ ಪೋಸ್ಟಿಂಗಿನಲ್ಲೇ ಗೊತ್ತಾಗಿಬಿಡುತ್ತದೆ. ಇನ್ನೊಂದು ಕಡೆ, ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿದವಳಿಗೆ ಪತ್ರವೇ ಸಿಗುವುದಿಲ್ಲ. ಕೆಲಸ ಬಿಟ್ಟು ಹೋಗುತ್ತಾಳೆಂಬ ಸಿಟ್ಟಿಗೆ ಮಾಲೀಕರು ಕೊಡುವುದಿಲ್ಲ, ಕೆಲವರು ಮೂಲ ಅಂಕಪಟ್ಟಿಗಳನ್ನೇ ಹಿಡಿದಿಟ್ಟುಕೊಂಡಿರುತ್ತಾರೆ. ಹೀಗೆ ನಿಜವಾಗಿ ದುಡಿದವಳು ಹೊರಗೆ ನಿಲ್ಲುತ್ತಾಳೆ, ಕಾಗದದ ಅನುಭವ ಒಳಗೆ ಬರುತ್ತದೆ.

ಇದನ್ನು ಸರಿಪಡಿಸುವ ಸಾಧನಗಳು ಆಗಲೇ ಇವೆ. ರಾಜ್ಯದ ಪ್ರತಿಯೊಂದು ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ನರ್ಸ್‌ಗಳಿಗೆ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ಇದೆ. ತಮ್ಮಲ್ಲಿ ಕೆಲಸ ಮಾಡುವ ನರ್ಸ್‌ಗಳ ಪಟ್ಟಿಯನ್ನು ಅವರ ಗುರುತಿನ ಸಂಖ್ಯೆಯ ಸಮೇತ ಆಸ್ಪತ್ರೆಗಳು ನಿಯತವಾಗಿ ಸಲ್ಲಿಸುವಂತೆ ಮಾಡಿದರೆ ಅನುಭವ ತಾನಾಗಿಯೇ ದಾಖಲಾಗುತ್ತದೆ. ಮಾಲೀಕರ ಮರ್ಜಿ ಕಾಯುವ ಪ್ರಮೇಯವೇ ಬರುವುದಿಲ್ಲ. ಅಲ್ಲಿಯವರೆಗೆ ಬ್ಯಾಂಕ್ ಖಾತೆಗೆ ಸಂಬಳ ಬಂದ ದಾಖಲೆಯನ್ನೋ ಭವಿಷ್ಯ ನಿಧಿಯ ವಿವರವನ್ನೋ ಕೇಳಿದರೂ ಅರ್ಧ ಸುಳ್ಳು ಸೋಸಿಹೋಗುತ್ತದೆ. ಸಂಬಳವನ್ನು ನಗದಾಗಿ ಕೈಗೆ ಕೊಡುವ ಸಣ್ಣ ಆಸ್ಪತ್ರೆಗಳವರಿಗೆ ಇದರಿಂದ ಅನ್ಯಾಯವಾಗಬಾರದು ಎಂಬ ಎಚ್ಚರ ಬೇಕು. ಅವರಿಗೆ ಡ್ಯೂಟಿ ರಿಜಿಸ್ಟರ್ ಪರಿಶೀಲಿಸುವ ದಾರಿ ಇಡಬಹುದು.

ಅಂಕದ ವಿಷಯಕ್ಕೆ ಒಂದೇ ಮಾತು: ಸೀಟು ಖಾಲಿ ಉಳಿಯುತ್ತದೆಂದು ಶೇ 55ನ್ನು ಇಳಿಸಬೇಡಿ. 2023ರಲ್ಲಿ ವೈದ್ಯರ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ಅರ್ಹತೆಯನ್ನು ಶೂನ್ಯ ಪರ್ಸೆಂಟೈಲ್‌ಗೆ ತಂದು ನಿಲ್ಲಿಸಿದ್ದನ್ನು ನೋಡಿದ್ದೇವೆ. ಆ ದಾರಿ ನಮಗೆ ಬೇಡ.

ಸೀಟು ಖಾಲಿ ಉಳಿಯಲು ಕಾರಣ ಬೇರೆ ಇದೆ, ಅದು ದುಡ್ಡು. ಎಂ.ಡಿ., ಎಂ.ಎಸ್. ಓದುವ ವೈದ್ಯರಿಗೆ ಸ್ಟೈಪೆಂಡ್ ಇದೆ, ಇರಲೇಬೇಕು. ಅದೇ ವಾರ್ಡಿನಲ್ಲಿ ಅದೇ ರೋಗಿಗಳನ್ನು ನೋಡಿಕೊಳ್ಳುವ ಎಂ.ಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ ಮಾತ್ರ ನಮ್ಮ ಬಹುತೇಕ ಕಾಲೇಜುಗಳಲ್ಲಿ ತಾನೇ ಶುಲ್ಕ ಕಟ್ಟಿ ಕೆಲಸ ಮಾಡುತ್ತಾಳೆ. ಅವಳು ಹದಿನೆಂಟರ ಹುಡುಗಿಯಲ್ಲ. ದುಡಿಮೆ ಬಿಟ್ಟು ಬಂದವಳು. ಎಷ್ಟೋ ಮಂದಿಗೆ ಮದುವೆಯಾಗಿರುತ್ತದೆ, ಸಣ್ಣ ಮಕ್ಕಳಿರುತ್ತಾರೆ, ಊರಿಗೆ ದುಡ್ಡು ಕಳಿಸುವ ಹೊಣೆ ಇರುತ್ತದೆ. ಎರಡು ವರ್ಷ ಆದಾಯ ನಿಲ್ಲಿಸಿ, ಮೇಲೆ ಶುಲ್ಕ ಕಟ್ಟಿ ಎಂದರೆ ಬರುವವರು ಯಾರು? ಬಂದವರೂ ರಾತ್ರಿ ಎಲ್ಲಾದರೂ ಪಾರ್ಟ್‌ಟೈಂ ಡ್ಯೂಟಿ ಮಾಡಿ ಹಗಲು ತರಗತಿಯಲ್ಲಿ ತೂಕಡಿಸುತ್ತಾರೆ. ಆಗ ಕ್ಲಿನಿಕಲ್ ಗಂಟೆಗಳು ವಾರ್ಡಿನ ಬದಲು ಲಾಗ್ ಬುಕ್ಕಿನಲ್ಲಿ ಭರ್ತಿಯಾಗುತ್ತವೆ. ಪರೀಕ್ಷೆಗೆ ವಾರವಿರುವಾಗ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತಿಂಗಳುಗಳ ಅನುಭವ ತುಂಬಿಬಿಡುವುದು ನಮ್ಮ ವಲಯದ ಗುಟ್ಟೇನೂ ಅಲ್ಲ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಪರಿಷತ್ತಿನದೇ ಮಾನದಂಡ. ಅದು ಈಡೇರದ ವಾರ್ಡುಗಳಲ್ಲಿ ಈ ವಿದ್ಯಾರ್ಥಿಗಳು ಹೆಗಲು ಕೊಡುತ್ತಾರೆ. ಸ್ಟೈಪೆಂಡ್ ಕೊಡುವುದೆಂದರೆ ಆ ದುಡಿಮೆಗೆ ಬೆಲೆ ಕೊಟ್ಟಂತೆ. ಕೊಟ್ಟ ಮೇಲೆ ಹಾಜರಿಯನ್ನು ಕಟ್ಟುನಿಟ್ಟಾಗಿ ಕೇಳುವ ಹಕ್ಕೂ ತಮಗೆ ಬರುತ್ತದೆ. ಸರ್ಕಾರಿ ನರ್ಸಿಂಗ್ ಕಾಲೇಜುಗಳಿಂದಲಾದರೂ ಇದು ಆರಂಭವಾಗಲಿ.

ಎಂ.ಎಸ್ಸಿಯಲ್ಲಿ ಬರೆಯುವ ಸಂಶೋಧನಾ ಪ್ರಬಂಧದ ಬಗ್ಗೆಯೂ ಹೇಳಿಬಿಡುತ್ತೇನೆ, ಸ್ವಲ್ಪ ನಗು ಬಂದರೂ ಬರಲಿ. ನಮ್ಮ ಗ್ರಂಥಾಲಯಗಳ ಕಪಾಟಿನಲ್ಲಿ ಎಂ.ಎಸ್ಸಿ ಪ್ರಬಂಧಗಳ ಶೀರ್ಷಿಕೆ ಓದುತ್ತಾ ಹೋದರೆ, ಯಾವುದಾದರೊಂದು ವಿಷಯದ ಅರಿವಿನ ಮೇಲೆ ‘ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ’ (ಮೊದಲೇ ರೂಪಿಸಿಟ್ಟ ಪಾಠ) ಬೀರಿದ ಪರಿಣಾಮ ಎಂಬ ಅಚ್ಚಿನಲ್ಲೇ ಮುಕ್ಕಾಲು ಪಾಲು ಎರಕವಾಗಿವೆ. ಪಾಠಕ್ಕೆ ಮೊದಲು ಪ್ರಶ್ನೆಪತ್ರಿಕೆ, ಪಾಠದ ನಂತರ ಅದೇ ಪ್ರಶ್ನೆಪತ್ರಿಕೆ. ಪಾಠ ಕೇಳಿದ ಮೇಲೆ ಅಂಕ ಹೆಚ್ಚಾಯಿತು ಎಂಬ ಫಲಿತಾಂಶ. ಹೆಚ್ಚಾಗದೆ ಇನ್ನೇನಾದೀತು! ಆ ಹುಡುಗಿಯರನ್ನು ಬೈದು ಫಲವಿಲ್ಲ. ಶಿಕ್ಷಕಿಯಾಗುವುದೇ ಗುರಿ ಎಂದು ಮೊದಲ ದಿನವೇ ಗೊತ್ತಿರುವವಳು ಪಾಠ ಮಾಡುವುದನ್ನೇ ಸಂಶೋಧನೆ ಮಾಡುತ್ತಾಳೆ. ಒತ್ತುಹುಣ್ಣು, ಕ್ಯಾತಿಟರ್ ಸೋಂಕು, ಔಷಧ ಕೊಡುವಾಗಿನ ತಪ್ಪುಗಳು, ಶಿಫ್ಟ್ ಬದಲಾಗುವಾಗ ಕಳೆದುಹೋಗುವ ಮಾಹಿತಿ, ಇವೆಲ್ಲ ನರ್ಸ್ ಮಾತ್ರ ಒಳಗಿನಿಂದ ನೋಡಬಲ್ಲ ವಿಷಯಗಳು. ವಾರ್ಡಿಗೇ ಮರಳುವವಳಾದರೆ ಇವುಗಳ ಮೇಲೆ ಕೆಲಸ ಮಾಡಲು ಅವಳಿಗೊಂದು ಸ್ವಂತ ಕಾರಣವಿರುತ್ತಿತ್ತು.

ಭಾರತೀಯ ಶುಶ್ರೂಷಾ ಪರಿಷತ್ತಿನ 1947ರ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಅದರಲ್ಲಿ ಪದವಿ ಮತ್ತು ಸ್ನಾತಕೋತ್ತರ ಶಿಕ್ಷಣಕ್ಕೆಂದೇ ಮಂಡಳಿಯಿದೆ, ರಾಜ್ಯಗಳೂ ತಮ್ಮ ಆಯೋಗ ರಚಿಸಬೇಕಿದೆ. ಕಾಲೇಜುಗಳಿಗೆ ಮಾನ್ಯತೆ ಕೊಡುವವರು ಯಾರು ಎಂಬ ಕರ್ನಾಟಕದ ವಿವಾದ ಈ ಹಿಂದೆ ಹೈಕೋರ್ಟ್‌ವರೆಗೂ ಹೋಗಿತ್ತು. ಅಧಿಕಾರ ಯಾರ ಕೈಯಲ್ಲಿರಬೇಕು ಎಂಬುದಕ್ಕೆ ತೋರಿಸಿದ ಹುರುಪನ್ನು, ಓದಿದವರು ಎಲ್ಲಿರಬೇಕು ಎಂಬುದಕ್ಕೂ ತೋರಿಸಿದರೆ ಸಾಕು. ಹೃದ್ರೋಗ, ಕ್ಯಾನ್ಸರ್, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯಕ್ಕೆಂದು ದೊಡ್ಡ ಸಂಸ್ಥೆಗಳಿರುವ ರಾಜ್ಯ ನಮ್ಮದು. ಅಲ್ಲಿಯೂ ಜಿಲ್ಲಾಸ್ಪತ್ರೆಗಳಲ್ಲಿಯೂ ‘ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್’ ಎಂಬ ಹುದ್ದೆಯನ್ನು ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಸೇರಿಸಿ, ಅದಕ್ಕೆ ಸಹಾಯಕ ಪ್ರಾಧ್ಯಾಪಕಿಗೆ ಸಮನಾದ ವೇತನ ಶ್ರೇಣಿ ಕೊಡಿ. ಕಾಲೇಜಿನವರು ವಾರ್ಡಿಗೂ ವಾರ್ಡಿನವರು ಕಾಲೇಜಿಗೂ ಸೇವಾ ಹಿರಿತನ ಕಳೆದುಕೊಳ್ಳದೆ ಹೋಗಿಬರುವಂತಿರಲಿ. ಪರಿಷತ್ತು ರೂಪಿಸಿರುವ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ, ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾ ಕಲಿಯುವ ರೆಸಿಡೆನ್ಸಿ ಕೋರ್ಸ್ ಮುಗಿಸಿದವರಿಗೆ ರಾಜ್ಯ ಕೊಡುವ ಹುದ್ದೆ ಯಾವುದು ಎಂಬುದನ್ನೂ ಆ ನಿಯಮಗಳಲ್ಲೇ ಸ್ಪಷ್ಟಪಡಿಸಿ.

ಜಿಲ್ಲಾಸ್ಪತ್ರೆಗಳಲ್ಲಿ ಹಲವು ಆರೋಗ್ಯ ಇಲಾಖೆಯ ಅಡಿಯಲ್ಲಿವೆ, ಬೋಧನಾ ಆಸ್ಪತ್ರೆಗಳು ತಮ್ಮವು. ಎರಡು ಇಲಾಖೆಗಳ ನಡುವೆ ಕಡತ ಓಡಾಡಿ ಸವೆದುಹೋಗುವ ಭಯ ನನಗಿದೆ. ಅದಕ್ಕೇ ಹುದ್ದೆ, ಹಣಕಾಸು ಇಲಾಖೆಯ ಒಪ್ಪಿಗೆ ಇವುಗಳಿಗೆ ಕಾಯದೆ ಮಾಡಬಹುದಾದ ಒಂದು ಕೆಲಸವನ್ನು ಮೊದಲು ಕೇಳುತ್ತೇನೆ. ಸರ್ಕಾರಿ ಸೇವೆಯಲ್ಲಿರುವ ಶುಶ್ರೂಷಾಧಿಕಾರಿಗಳಲ್ಲಿ ಎಂ.ಎಸ್ಸಿ ಆದವರು ಎಷ್ಟು ಮಂದಿ, ಯಾರು ಯಾವ ಸ್ಪೆಷಾಲಿಟಿ ಓದಿದ್ದಾರೆ, ಈಗ ಯಾವ ವಾರ್ಡಿನಲ್ಲಿದ್ದಾರೆ ಎಂಬ ಪಟ್ಟಿಯನ್ನು ಎರಡೂ ಇಲಾಖೆಗಳಿಂದ ತರಿಸಿ. ಮುಂದಿನ ವರ್ಗಾವಣೆ ಕೌನ್ಸೆಲಿಂಗ್‌ಗೆ ಮುನ್ನ ಅದನ್ನು ಪ್ರಕಟಿಸಿ, ಓದಿದ ವಿಷಯದ ವಾರ್ಡಿಗೆ ಹೋಗಲು ಒಪ್ಪುವವರಿಗೆ ಮೊದಲ ಆದ್ಯತೆ ಎಂದು ಒಂದು ಸುತ್ತೋಲೆ ಹೊರಡಿಸಿ.

ತಮ್ಮ ವಿಶ್ವಾಸಿ,
ಒಬ್ಬ ನರ್ಸಿಂಗ್ ಅಧ್ಯಾಪಕಿ